ಮೊದಲ ಕಿಟಕಿಯ ಹೆಸರು

ಸವಣೂರು
೫ ಜೂನ್ ೨೦೨೩

ಪ್ರೀತಿಯ ಸಮತಾ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳಲ್ಲ ಅಂತ ನಗುತ್ತೀಯ, ಗೊತ್ತು. ಹಾವೇರಿಯ ಕಂಪ್ಯೂಟರ್ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಾಗಲೇ ನಿನ್ನನ್ನು ನೋಡಿದ್ದೇನೆ. ಬಾಯಿಮಾತು ನಿನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತದೆ. ಬರೆದುಕೊಟ್ಟದ್ದು ಮಾತ್ರ ಆಡೂರಿನ ಶಾಸನದ ಹಾಗೆ ಉಳಿಯುತ್ತದೆ. ಇನ್ನು ನಿಮ್ಮ ಮಾಸೂರಿನ ನೆಟ್‌ವರ್ಕಿನಲ್ಲಿ ಇಷ್ಟು ದೊಡ್ಡ ಫೈಲು ಇಳಿಯುವಷ್ಟರಲ್ಲಿ ಮದಗದ ಕೆರೆ ತುಂಬಿ ಕೋಡಿ ಬಿದ್ದಿರುತ್ತದೆ. ಅದಕ್ಕೇ ಪೆನ್ ಡ್ರೈವ್ ಕಳಿಸಿದ್ದೇನೆ. ಹಾವೇರಿ ಬಸ್ ನಿಲ್ದಾಣದಲ್ಲಿ ನಮ್ಮ ಸಿರಾಜುದ್ದೀನ ಮಾಮಾನ ಅಂಗಡಿಗೆ ಇದು ಬರುತ್ತದೆ, ಅಲ್ಲಿಂದ ನಿಮ್ಮ ಕಂಡಕ್ಟರ್ ಕನಕಪ್ಪ ಕಾಕಾ ತಂದುಕೊಡುತ್ತಾರೆ. ನಿನ್ನ ಉತ್ತರವೂ ಅದೇ ದಾರಿಯಲ್ಲಿ ಬರಲಿ.

ಪೆನ್ ಡ್ರೈವಿನಲ್ಲಿ ಕಂಪೈಲರ್ ಇದೆ. ನಾವು ಬರೆದ ಸಾಲುಗಳಿಂದ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ ಮಾಡಿಕೊಡುವುದು ಅದರ ಕೆಲಸ. ಜೋಳ ಹಾಕಿದರೆ ಹಿಟ್ಟು ಕೊಡುವ ಗಿರಣಿ ಅಂದುಕೋ. ಪೂರಾ ಪುಕ್ಕಟೆ. ಕದ್ದದ್ದಲ್ಲ, ಮಾಡಿದವರೇ ಕೊಟ್ಟದ್ದು. ಹಾಕುವಾಗ ಸಿ ಡ್ರೈವಿನಲ್ಲಿ ಒಂದು ಸಣ್ಣ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡು. ಹೆಸರಿನ ನಡುವೆ ಜಾಗ ಬಿಡಬೇಡ, ಕನ್ನಡ ಅಕ್ಷರ ಹಾಕಬೇಡ. ನೀನು ಕಟ್ಟಿದ ಮೊದಲ ಪ್ರೋಗ್ರಾಮನ್ನು ಆಂಟಿವೈರಸ್ ಕಳ್ಳನೆಂದು ಹಿಡಿದು ಕೂಡಿಹಾಕಬಹುದು. ಗುರುತಿಲ್ಲದ ಮುಖ ಕಂಡರೆ ಅದಕ್ಕೆ ಎಲ್ಲರೂ ಕಳ್ಳರೇ. ನಿನ್ನ ಫೋಲ್ಡರಿನ ತಂಟೆಗೆ ಬರಬೇಡ ಅಂತ ಅದಕ್ಕೆ ತಾಕೀತು ಮಾಡು.

ಈಗ ನನ್ನ ಸ್ವಾರ್ಥದ ಮಾತು. ನಾನು ‘ಕತ್ತರಿ’ ಅನ್ನುವ ಪ್ರೋಗ್ರಾಂ ಬರೆದಿದ್ದೇನೆ. ಕುಪ್ಪಸದ ಅಳತೆ ಕೊಟ್ಟರೆ ಅದು ನಮ್ಮ ಅಮ್ಮಿ ಕತ್ತರಿಸುವ ಹಾಗೆಯೇ ನಕ್ಷೆ ಬಿಡಿಸಿ ಅಚ್ಚು ಹಾಕಿಕೊಡುತ್ತದೆ. ಹಾಳೆಗಳನ್ನು ಅಂಟಿಸಿ ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ ಆಯಿತು. ಅಮ್ಮಿಯ ಹೆಬ್ಬೆರಳಿನ ಕೀಲು ಬಾತುಹೋಗಿದೆ, ಈಗ ಅವಳಿಗೆ ಕತ್ತರಿ ಒತ್ತಲಾಗುವುದಿಲ್ಲ. ಕಂಕುಳು ಕತ್ತರಿಸುವ ಅವಳ ವಾರೆ, ಅಂದರೆ ಓರೆ ತಿರುವು, ಹಾನಗಲ್ಲಿನ ನಮ್ಮ ನಾನಿಯಿಂದ, ಅವಳ ತಾಯಿಯಿಂದ, ಬಂದದ್ದು. ಅಕ್ಕ ಶಬನಮಳಿಗೂ ಅದನ್ನು ಬಿಟ್ಟುಕೊಟ್ಟವಳಲ್ಲ. ಕಂಪ್ಯೂಟರಿಗೆ ಮಾತ್ರ ಹೇಳಿದ್ದಾಳೆ, ಅದೂ ಒಂದು ಷರತ್ತಿನ ಮೇಲೆ: ಪ್ರೋಗ್ರಾಂ ತೆರೆದ ಕೂಡಲೇ ಬರುವ ಮೊದಲ ಕಿಟಕಿಯಲ್ಲಿ ಅವಳ ಹೆಸರು ಇರಬೇಕು. “ನನ್ನ ಹೆಸರ ಮುಂದ ಇರ್ಲಿ, ಆಮ್ಯಾಲೆ ಯಾರ ಬೇಕಾದ್ರೂ ಕತ್ತರಿಸ್ಲಿ” ಅಂದಳು.

ಇದು ಮೈಭಾಗ ಮಾತ್ರ. ತೋಳಿನ ಲೆಕ್ಕ ಇನ್ನೂ ಅವಳ ಹೊಟ್ಟೆಯಲ್ಲೇ ಇದೆ. ಬೇರೆಯವರ ಕಂಪ್ಯೂಟರಿನಲ್ಲಿ ತನ್ನ ಹೆಸರು ತೆರೆದದ್ದನ್ನು ಕಂಡ ಮೇಲೆ ಹೇಳುತ್ತಾಳಂತೆ. ಆ ಕಂಪ್ಯೂಟರ್ ನಿನ್ನದೇ ಆಗಲಿ ಅಂತ ನನ್ನ ಆಸೆ. ಪರೀಕ್ಷೆ ಮಾಡಿ ನೋಡಲು ಯಾರದ್ದಾದರೂ ಕುಪ್ಪಸದ ಅಳತೆ ಕಳಿಸು.

ನಿನ್ನ
ಅಫ್ಸಾನಾ

ಮಾಸೂರು
೧೯ ಜೂನ್ ೨೦೨೩

ಪ್ರೀತಿಯ ಅಫ್ಸಾನಾ,

ನಿನ್ನ ಕಾಗದ ಪೂರ್ತಿ ಓದುವ ಮೊದಲೇ ‘ನನ್ನ ಕೆಲಸ’ ಅಂತ ಕನ್ನಡದಲ್ಲೇ ಫೋಲ್ಡರ್ ಮಾಡಿ ಕೂತಿದ್ದೆ. ಜಾಗವೂ ಬಿಟ್ಟಿದ್ದೆ, ಕನ್ನಡವನ್ನೂ ಹಾಕಿದ್ದೆ. ಮುಂದಿನದನ್ನು ನೀನೇ ಊಹಿಸಿಕೋ. ಎಲ್ಲ ಕಿತ್ತು ಮತ್ತೆ ಹಾಕಿದೆ. ಕೊನೆಗೆ ಒಂದು ಗುಂಡಿ ಇರುವ ಸಣ್ಣ ಕಿಟಕಿ ಕಟ್ಟಿದೆ. ಒತ್ತಿದರೆ ‘ಊಟ ಆತೇನ್ರಿ’ ಅಂತ ಕೇಳುತ್ತದೆ. ಅವ್ವನನ್ನು ಕರೆದು ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ಒತ್ತಿ, “ಏನೂ ಅನ್ನವಲ್ದಲ್ಲ ಇದು” ಅಂದಳು. ನಾನು ಮೌಸ್ ಒತ್ತಿದ ಮೇಲೆ, “ಆಗೈತಿ ಅಂತ ಹೇಳು” ಅಂತ ಅದಕ್ಕೇ ಉತ್ತರ ಕೊಟ್ಟು ಹೋದಳು.

ಒಂದು ಸಂಶಯ. ಕಂಪೈಲರಿನ ವಿವರದ ಕಿಟಕಿ ತೆರೆದರೆ ಉದ್ದಕ್ಕೂ ಹೆಸರುಗಳು ಬರುತ್ತವೆ. ಯಾರಿವರು? ಪುಕ್ಕಟೆ ಕೊಟ್ಟ ಮೇಲೆ ಹೆಸರು ಯಾಕೆ?

ನಿನ್ನ ಪರೀಕ್ಷೆಗೆ ಅವ್ವನ ಅಳತೆ ಈ ಹಾಳೆಯ ಹಿಂಬದಿಯಲ್ಲಿದೆ. ನಮ್ಮವ್ವ ಗುತ್ತೆವ್ವ ಅಂದರೆ ಈ ಕಡೆ ಹತ್ತಿಯ ಕ್ರಾಸಿಂಗಿಗೆ ಹೆಸರಾದವಳು; ಗಂಡುಹೂವು ತಂದು ಹೆಣ್ಣುಹೂವಿಗೆ ಮುಟ್ಟಿಸುವ ಕೆಲಸದಲ್ಲಿ ಅವಳ ಕೈಗೆ ಕಾಯಿ ನಿಂತಷ್ಟು ಯಾರ ಕೈಗೂ ನಿಲ್ಲುವುದಿಲ್ಲ. ಅಂಥವಳಿಗೆ ಮೈಗೆ ಸರಿಹೋಗುವ ಒಂದು ಕುಪ್ಪಸ ಇಲ್ಲ. ಯಾರು ಹೊಲಿದರೂ “ಬಗಲಾಗ ಹಿಡಿತೈತಿ” ಅನ್ನುತ್ತಾಳೆ.

ನಿನ್ನ
ಸಮತಾ

ಸವಣೂರು
೧ ಜುಲೈ ೨೦೨೩

ಪ್ರೀತಿಯ ಸಮತಾ,

ಆ ಹೆಸರುಗಳು ಕಂಪೈಲರ್ ಮಾಡಿದವರದ್ದು. ಯಾವ ಯಾವ ದೇಶದವರೋ, ಮುಖ ಯಾರು ಕಂಡಿದ್ದಾರೆ. ನಮ್ಮಿಂದ ಏನನ್ನೂ ಕೇಳದೆ ಕೊಟ್ಟಿದ್ದಾರೆ. ಬಳಸಿರಿ, ತಿದ್ದಿರಿ, ಹಂಚಿರಿ, ನಮ್ಮ ಹೆಸರು ಮಾತ್ರ ಅಳಿಸಬೇಡಿರಿ ಅಂತ ಬರೆದಿಟ್ಟಿದ್ದಾರೆ. ಪುಕ್ಕಟೆ ಕೊಡುವವನಿಗೆ ಉಳಿಯುವುದು ಹೆಸರೊಂದೇ ಅಲ್ಲವಾ?

ನಿನ್ನ ಅವ್ವನ ಅಳತೆಯನ್ನು ಅಮ್ಮಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: “ಬುಟ್ಟಿ ಹೊರ್ತಾಳೇನು?” ಹೌದು ಅಂದೆ. ಬುಟ್ಟಿ ಹೊತ್ತವರ ಬಲ ಹೆಗಲು ಅರ್ಧ ಬೆರಳಿನಷ್ಟು ಇಳಿದಿರುತ್ತದಂತೆ. ಎರಡೂ ಹೆಗಲು ಸಮ ಕತ್ತರಿಸಿದರೆ ಬಗಲು ಹಿಡಿಯದೆ ಇನ್ನೇನು ಮಾಡುತ್ತದೆ ಅಂದಳು. ಅದಕ್ಕೇ ಮೊದಲ ಕಿಟಕಿಯಲ್ಲಿ ಅವಳ ಹೆಸರಿನ ಕೆಳಗೆ ‘ಬುಟ್ಟಿ ಹೊರುವವರೇ?’ ಅಂತ ಒಂದು ಪ್ರಶ್ನೆ ಸೇರಿಸಿದ್ದೇನೆ. ಯಾರೂ ಉತ್ತರ ಕೊಡದಿದ್ದರೆ ಏನು ಮಾಡಲಿ ಅಂತ ಕೇಳಿದೆ. “ಹೇಳದ ಇದ್ರ ಹೊರಾಕಿ ಅಂತನ ತಿಳಿ. ನಮ್ಮ ಬಾಗಲಕ್ಕ ಬರೋರು ಅವ್ರ” ಅಂದಳು. ಹಾಗೆಯೇ ಬರೆದಿದ್ದೇನೆ.

ಈ ಸಲ ಕಟ್ಟಿದ ಪ್ರೋಗ್ರಾಂ ಅಷ್ಟೇ ಅಲ್ಲ, ನಾನು ಬರೆದ ಮೂಲವನ್ನೂ ಇಡಿಯಾಗಿ ಕಳಿಸಿದ್ದೇನೆ. ಬೀಜದ ಕಂಪನಿಯವರು ರೈತನಿಗೆ ಒಂದೇ ಬೆಳೆ ಬರುವ ಬೀಜ ಕೊಟ್ಟು ತಾಯಿಬೀಜ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ ಅಂತ ನೀನೇ ಒಮ್ಮೆ ಸಿಟ್ಟು ಮಾಡಿದ್ದೆ. ಇಗೋ, ತಾಯಿಬೀಜವನ್ನೇ ಕೊಟ್ಟಿದ್ದೇನೆ. ನೀನೇ ಕಟ್ಟಿ ನೋಡು. ಅಮ್ಮಿ ಹಿಂದೆಮುಂದೆ ನೋಡಿದಳು. ಸಮತಾ ಅಂದರೆ ನಾನೇ ಅಂದುಕೋ ಅಂತ ಹೇಳಿ ಒಪ್ಪಿಸಿದೆ.

ನಿನ್ನ
ಅಫ್ಸಾನಾ

ಮಾಸೂರು
೨೮ ಜುಲೈ ೨೦೨೩

ಪ್ರೀತಿಯ ಅಫ್ಸಾನಾ,

ನಿನ್ನ ನಕ್ಷೆಯಿಟ್ಟು, ತೋಳು ಮಾತ್ರ ತನ್ನ ಲೆಕ್ಕದಲ್ಲಿ ಹಾಕಿ, ಇಲ್ಲಿಯ ದರ್ಜಿ ಹೊಲಿದ ಕುಪ್ಪಸ ಸರಿಹೋಯಿತು. ಹೋಯಿತು ಅಂದರೆ ಸಾಲದು. ಅವ್ವ ಅದನ್ನು ಹಾಕಿಕೊಂಡು ಕೈ ಮೇಲೆತ್ತಿ, ಕೆಳಗಿಳಿಸಿ, ಮತ್ತೆ ಎತ್ತಿ ನೋಡಿದಳು. “ಇಷ್ಟ ದಿನ ನನ್ನ ಮೈಯಾಗ ಖೋಡಿ ಐತಿ ಅಂದ್ಕೊಂಡಿದ್ದೆ” ಅಂದಳು. ನಿನ್ನ ಅಮ್ಮಿಗೆ ಶರಣು ಹೇಳಬೇಕಂತೆ.

ಮೂಲದಿಂದ ನಾನೇ ಕಟ್ಟಿದೆ. ಒಂದೂ ತಪ್ಪು ಬರಲಿಲ್ಲ. ಮೊದಲ ಕಿಟಕಿಯ ಅಕ್ಷರ ದೊಡ್ಡದು ಮಾಡುವುದು ಹೇಗೆ? ಆ ಕಿಟಕಿಗೂ ಉಳಿದದ್ದಕ್ಕೂ ಏನು ನಂಟು? ಸುಮ್ಮನೆ ತಿಳಿದುಕೊಳ್ಳಲಿಕ್ಕೆ ಕೇಳುತ್ತಿದ್ದೇನೆ.

ಹಿರೇಕೆರೂರಿನಲ್ಲಿ ಹೊಲಿಗೆ ತರಬೇತಿ ಶುರುವಾಗುತ್ತದಂತೆ, ಕಂಪ್ಯೂಟರ್ ಬಲ್ಲ ಶಿಕ್ಷಕಿ ಬೇಕಂತೆ. ನನಗೇನು, ನೆಟ್ಟಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ತೋಳು ಯಾವಾಗ ಕೊಡುತ್ತಾರೆ?

ನಿನ್ನ
ಸಮತಾ

ಸವಣೂರು
೧೦ ಆಗಸ್ಟ್ ೨೦೨೩

ಪ್ರೀತಿಯ ಸಮತಾ,

ನಿನ್ನ ಕಾಗದ ಓದಿ ಹೇಳುವಾಗ ಅಮ್ಮಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಗುತ್ತೆವ್ವನ ಆ ಮಾತನ್ನು ಮತ್ತೊಮ್ಮೆ ಓದಿಸಿದಳು. ಅಕ್ಷರ ದೊಡ್ಡದು ಮಾಡಬೇಕು ಅಂದೆಯಲ್ಲ, ನಿನ್ನ ಅವ್ವನಿಗೂ ಕಾಣಲಿ ಅಂತ ತಾನೆ? ಎಷ್ಟು ದೂರ ಯೋಚನೆ ಮಾಡುತ್ತೀಯ ಹುಡುಗಿ. ಕಿಟಕಿಯನ್ನು ಆರಿಸಿಕೊಂಡು, ಬದಿಯ ಪಟ್ಟಿಯಲ್ಲಿ ಅಕ್ಷರದ ಅಳತೆ ಬದಲಿಸು, ಮತ್ತೆ ಕಟ್ಟು. ಹುಷಾರು, ಆ ಕಿಟಕಿಯನ್ನೇ ತೆಗೆದುಹಾಕಿದರೂ ಕಂಪೈಲರ್ ದೂರು ಹೇಳುವುದಿಲ್ಲ, ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಕೈತಪ್ಪಿ ಅಳಿಸೀಯ.

ಹೊಲಿಗೆ ಬರದಿದ್ದರೇನು, ಆ ತರಬೇತಿಗೆ ಹೋಗಿ ಕೇಳು. ‘ಕತ್ತರಿ’ಯನ್ನು ತೋರಿಸು, ಅಮ್ಮಿಯ ಹೆಸರು ಹೇಳು. ಅವರಿಗೂ ಉಪಯೋಗವಾದೀತು.

ಒಂದು ಉಪಕಾರ ಮಾಡು. ನಿನ್ನ ಪರದೆಯ ಮೇಲೆ ಅಮ್ಮಿಯ ಹೆಸರು ತೆರೆದಾಗ ಒಂದು ಫೋಟೋ ತೆಗೆದು ಕಳಿಸು. ಅದನ್ನು ಕಂಡರೆ ತೋಳು ಹೇಳುತ್ತೇನೆ ಅಂದಿದ್ದಾಳೆ. ಅದಕ್ಕಾಗಿ ಬಿಳಿ ಹಾಳೆ ತೆಗೆದಿಟ್ಟು ಕಾಯುತ್ತಿದ್ದೇನೆ.

ನಿನ್ನ
ಅಫ್ಸಾನಾ

ಮಾಸೂರು
೩೦ ಸೆಪ್ಟೆಂಬರ್ ೨೦೨೩

ಅಫ್ಸಾನಾ,

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಂಪ್ಯೂಟರ್ ಕೆಟ್ಟಿದೆ. ಫೋಟೋ ಆಮೇಲೆ ಕಳಿಸುತ್ತೇನೆ. ಪೆನ್ ಡ್ರೈವ್ ಇದರ ಜೊತೆ ಇದೆ. ಕ್ರಾಸಿಂಗ್ ಹಂಗಾಮು, ಅವ್ವನಿಗೆ ಪುರುಸೊತ್ತಿಲ್ಲ, ನನಗೂ ಇಲ್ಲ. ಪ್ರೋಗ್ರಾಮಿನ ಕಡೆ ಲಕ್ಷ್ಯವೇ ಹೋಗಿಲ್ಲ.

ತೋಳು ಹೇಳಿದರೇ?

ಸಮತಾ

ಸವಣೂರು
೨೦ ಅಕ್ಟೋಬರ್ ೨೦೨೩

ಪ್ರೀತಿಯ ಸಮತಾ,

ಪೆನ್ ಡ್ರೈವ್ ತೆರೆದು ನೋಡಿದೆ, ಖಾಲಿ ಇತ್ತು. ನೀನು ಕಟ್ಟಿದ್ದನ್ನು ಅದರಲ್ಲಿ ಇಟ್ಟಿರುತ್ತೀಯ, ಏನು ತಿದ್ದಿದ್ದೀಯ ನೋಡೋಣ ಅಂದುಕೊಂಡಿದ್ದೆ. ಕಂಪ್ಯೂಟರ್ ಜೊತೆ ಅದೂ ಹೋಯಿತೇನೋ. ಮೂಲವನ್ನು ಮತ್ತೆ ತುಂಬಿ ಕಳಿಸಿದ್ದೇನೆ, ಚಿಂತೆ ಮಾಡಬೇಡ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆ ತಾನೆ? ನಿನ್ನ ಕಾಗದದ ದನಿ ಯಾಕೋ ಸರಿಯಿಲ್ಲ ಅನ್ನಿಸಿತು.

ಅಮ್ಮಿ ಫೋಟೋ ಕೇಳಿದಳು. ಬರುತ್ತದೆ ಅಂದಿದ್ದೇನೆ.

ನಿನ್ನ
ಅಫ್ಸಾನಾ

ಸವಣೂರು
೧೨ ಡಿಸೆಂಬರ್ ೨೦೨೩

ಸಮತಾ,

ಫೋನ್ ಮಾಡಿದರೆ ಎತ್ತುತ್ತಿಲ್ಲ. ಹೋದ ಕಾಗದವನ್ನು ನಿನ್ನ ಕೈಗೇ ಕೊಟ್ಟೆ ಅಂತ ಕನಕಪ್ಪ ಕಾಕಾ ಹೇಳಿದರಂತೆ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಬಾಯಿಬಿಟ್ಟು ಹೇಳು. ಅಮ್ಮಿ ಈಗ ಫೋಟೋ ಕೇಳುವುದನ್ನು ಬಿಟ್ಟಿದ್ದಾಳೆ. ಕೇಳಿದ್ದರೇ ಚೆನ್ನಾಗಿತ್ತು.

ಅಫ್ಸಾನಾ

ಸವಣೂರು
೬ ಫೆಬ್ರವರಿ ೨೦೨೪

ಸಮತಾ,

ನಿನ್ನ ಕಂಪ್ಯೂಟರ್ ಕೆಟ್ಟಿರಲಿಲ್ಲ.

ನಿನ್ನೆ ನಮ್ಮ ಓಣಿಯ ದಾವಲಬಿ ಚಾಚಿ ಬಂದಿದ್ದಳು. ಅವಳ ಮಗಳ ಮದುವೆ ಶಿಗ್ಗಾಂವಿಯಲ್ಲಿ. ಬಟ್ಟೆಯ ಜೊತೆ, ಮಗಳ ಅಳತೆಗೆ ತೆಗೆದು ಅಂಟಿಸಿದ ಕಾಗದದ ನಕ್ಷೆಯೊಂದನ್ನು ಅಮ್ಮಿಯ ಮುಂದೆ ಹಾಸಿದಳು. “ಹಿರೇಕೆರೂರಿನ ಮೇಡಂ ಶಿಗ್ಗಾಂವಿಗೂ ಬಂದು ಕಲಸ್ತಾಳಂತ, ಕಂಪ್ಯೂಟರಿನ ನಕ್ಷಾ ಅಂತ. ಇದರಂಗ ಹೊಲಿಸಿಕೊಡ್ರಿ” ಅಂದಳು. ಅಮ್ಮಿ ಕಾಗದವನ್ನು ತೊಡೆಯ ಮೇಲೆಳೆದುಕೊಂಡು, ಕಂಕುಳಿನ ವಾರೆಯ ಉದ್ದಕ್ಕೂ ಬಾತ ಹೆಬ್ಬೆರಳನ್ನು ಸರಿಸಿದಳು. ಮತ್ತೆ ಸರಿಸಿದಳು. ಆಮೇಲೆ ಹೆಗಲಿನ ಕಡೆ ನೋಡಿ ಕೇಳಿದಳು, “ನಿನ್ನ ಮಗಳು ಬುಟ್ಟಿ ಹೊರ್ತಾಳೇನು ದಾವಲಬಿ?”

“ಇಲ್ಲವ್ವಾ, ಬಿ.ಎಡ್. ಓದ್ಯಾಳ. ಮನ್ಯಾಗ ಕೊಡಾನೂ ಎತ್ತಂಗಿಲ್ಲ.”

ಬಲ ಹೆಗಲು ಅರ್ಧ ಬೆರಳು ಇಳಿದಿತ್ತು. ಅಮ್ಮಿಗೆ ಕನ್ನಡ ಓದಲು ಅಷ್ಟಾಗಿ ಬರುವುದಿಲ್ಲ, ಕಾಗದದ ಮೂಲೆ ತೋರಿಸಿ ಓದು ಅಂದಳು. ಓದಿದೆ: ‘ರಚನೆ: ಸಮತಾ ಭರಮಪ್ಪ, ಮಾಸೂರು’. ದಾವಲಬಿ ಹೋದ ಮೇಲೆ ಅಮ್ಮಿ ಆ ಕಾಗದವನ್ನು ಮಡಿಸಿ ಬದಿಗಿಟ್ಟಳು. ಅಂದದ್ದು ನಿನ್ನನ್ನಲ್ಲ, ನನ್ನನ್ನು. “ಸಮತಾ ಅಂದ್ರ ನಾನ ಅಂದಿದ್ದಿ. ಹಂಗಾರ ಇದನ್ನ ನೀನ ಮಾಡಿದಂಗ ಆತು.” ಇದಕ್ಕೆ ನಾನು ಏನು ಹೇಳಲಿ, ನೀನೇ ಬರೆದು ಕಳಿಸು.

ಮೈ ಉರಿಯುತ್ತಿದೆ ಸಮತಾ. ಹಳೆಯ ಕಾಗದಗಳನ್ನು ತೆಗೆದು ಓದಿದೆ. ಅಕ್ಷರ ದೊಡ್ಡದು ಮಾಡುವುದು ಹೇಗೆ, ಆ ಕಿಟಕಿಗೂ ಉಳಿದದ್ದಕ್ಕೂ ಏನು ನಂಟು. ನಾನು ಮಂಕುದಿಣ್ಣೆ, ಹಿಗ್ಗಿ ಹಿಗ್ಗಿ ಹೇಳಿಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನ ಅಮ್ಮಿಯನ್ನು ತೆಗೆದೆ, ಅದನ್ನು ತೆಗೆಯುವ ಬಗೆಯನ್ನೂ ನನ್ನ ಕೈಯಿಂದಲೇ ಬರೆಸಿಕೊಂಡೆ. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ಆ ತರಬೇತಿಗೆ ಹೋಗು ಅಂದವಳೂ ನಾನೇ. ಅಮ್ಮಿಯ ಹೆಸರು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ರಾತ್ರಿ ಊಟಕ್ಕೆ ಕೂತಾಗ ಅಮ್ಮಿ ತಟ್ಟೆ ನೋಡುತ್ತ ಅಂದಳು: “ಹೆಸರ ತಗದಾಳ. ಕೈ ತಗ್ಯಾಕ ಬರಲಿಲ್ಲ ಆಕಿಗೆ.” ಆಮೇಲೆ ರೊಟ್ಟಿ ಮುರಿದಳು.

ಅಫ್ಸಾನಾ

ಹಿರೇಕೆರೂರು
೨೫ ಫೆಬ್ರವರಿ ೨೦೨೪

ಅಫ್ಸಾನಾ,

ಬೈದೆಯಲ್ಲ, ಬೈಯಿ. ನಾನು ಕದ್ದಿದ್ದೇನೆ. ಆದರೆ ಹೇಗೆ ಆಯಿತು ಅನ್ನುವುದನ್ನಾದರೂ ಕೇಳು.

ತರಬೇತಿಯ ಕೆಲಸದ ಸಂದರ್ಶನಕ್ಕೆ ಹಿಂದಿನ ದಿನ ನಿನ್ನ ಅಮ್ಮಿಯ ಹೆಸರಿದ್ದ ಪ್ರೋಗ್ರಾಂ ತೋರಿಸಲಿಕ್ಕೇ ಹೋಗಿದ್ದೆ. ಅಲ್ಲಿನ ಗುಮಾಸ್ತ ಮಹಾಲಿಂಗಪ್ಪ ಕಿಟಕಿ ನೋಡಿ, “ಇವ್ರ ಯಾರು? ಅವ್ರನ್ನ ಕಳಿಸ್ರಿ ಮತ್ತ” ಅಂದರು. ಮನೆಗೆ ಬಂದು ಆ ಕಿಟಕಿ ತೆಗೆದೆ. ಮರುದಿನ, “ನೀವ ಮಾಡಿದ್ದೇನ್ರಿ?” ಅಂದರು. ಹೂಂ ಅಂದೆ. ಒಂದು ಹೂಂ. ಆಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಸಿಗಲಿಲ್ಲ. ಇದು ನನ್ನ ಜೀವನದ ಮೊದಲ ಕೆಲಸ.

ನಮ್ಮ ಅವ್ವ ಮದುವೆಯಾಗಿ ಬಂದಾಗಿನಿಂದ ಹೂವಿಗೆ ಹೂವು ಮುಟ್ಟಿಸುತ್ತಿದ್ದಾಳೆ. ಅವಳ ಕೈಯಿಂದ ನಿಂತ ಬೀಜ ಎಲ್ಲೆಲ್ಲಿಗೋ ಹೋಗುತ್ತದೆ. ಯಾವ ಪೊಟ್ಟಣದ ಮೇಲೆ ಗುತ್ತೆವ್ವ ಅಂತ ಬರೆದಿದೆ? ನಮ್ಮಂಥವರ ಮನೆಯಲ್ಲಿ ಹೆಸರು ಅನ್ನುವುದು ಪಡಿತರ ಚೀಟಿಗೆ ಮಾತ್ರ. ಕಂಪೈಲರ್ ಪುಕ್ಕಟೆ, ನೀನು ಕೊಟ್ಟದ್ದೂ ಪುಕ್ಕಟೆ, ಒಂದು ಸಲ ನನ್ನ ಹೆಸರು ಮುಂದೆ ಇರಲಿ ಅನ್ನಿಸಿತು. ತಪ್ಪೇ. ಆದರೂ ಅನ್ನಿಸಿತು.

ಅವ್ವನಿಗೆ ಇನ್ನೂ ಗೊತ್ತಿಲ್ಲ. ಹೇಳಬೇಡ.

ಕೇಳಲು ಮುಖ ಇಲ್ಲ, ಆದರೂ ಕೇಳುತ್ತೇನೆ. ಈಗ ಎಲ್ಲರ ನಕ್ಷೆಯಲ್ಲೂ ಬಲ ಹೆಗಲು ಇಳಿಯುತ್ತಿದೆ. ಟೀಚರುಗಳು, ಮದುಮಕ್ಕಳು, ಎಲ್ಲರೂ ದೂರು ತರುತ್ತಿದ್ದಾರೆ. ನಾನು ಅವ್ವನ ಅಳತೆಯಲ್ಲಷ್ಟೇ ಪರೀಕ್ಷೆ ಮಾಡಿದ್ದೆ, ಗೊತ್ತಾಗಲಿಲ್ಲ. ಹೇಗೆ ಸರಿಮಾಡಲಿ? ತೋಳೂ ಬೇಕು ಅನ್ನುತ್ತಿದ್ದಾರೆ. ಕೊಟ್ಟರೆ ಈ ಸಲ ಹೆಸರು ಹಾಕುತ್ತೇನೆ. ಅವ್ವನ ಆಣೆ.

ಸಮತಾ

ಸವಣೂರು
೧೦ ಮಾರ್ಚ್ ೨೦೨೪

ಸಮತಾ ಅವರಿಗೆ,

ನೀವು ಕೇಳಿದ ತಪ್ಪು ಲೆಕ್ಕದಲ್ಲಿಲ್ಲ. ಯಾರೂ ಉತ್ತರ ಕೊಡದಿದ್ದರೆ ಬುಟ್ಟಿ ಹೊರುವವಳು ಅಂತ ತಿಳಿಯುವುದು ಅಮ್ಮಿಯ ನಿಯಮ, ಜುಲೈ ಕಾಗದದಲ್ಲೇ ಬರೆದಿದ್ದೆ. ಕೇಳುವ ಪ್ರಶ್ನೆ ಇದ್ದದ್ದು ಮೊದಲ ಕಿಟಕಿಯಲ್ಲಿ. ಹೆಸರಿನ ಜೊತೆ ನೀವು ಪ್ರಶ್ನೆಯನ್ನೂ ತೆಗೆದಿದ್ದೀರಿ. ಆ ಕಿಟಕಿಯನ್ನು ಮತ್ತೆ ಸೇರಿಸಿ, ಇನ್ನೊಮ್ಮೆ ಕಟ್ಟಿರಿ, ಹೆಗಲು ಸರಿಯಾಗುತ್ತದೆ. ಹೆಸರಿನ ಸಾಲನ್ನಷ್ಟೇ ಅಳಿಸಿ ಪ್ರಶ್ನೆಯನ್ನು ಉಳಿಸಿಕೊಳ್ಳಲೂ ಬರುತ್ತದೆ. ಅಷ್ಟನ್ನು ಮಾಡಲು ನಿಮಗೆ ಗೊತ್ತಿದೆ, ನಾನೇ ಕಲಿಸಿದ್ದೇನೆ.

ನೀವು, ನೀವು ಅಂತ ಬರೆಯಲು ಕೈ ಒಗ್ಗುತ್ತಿಲ್ಲ. ನೀನು ಅಂತಲೇ ಬರೆಯುತ್ತೇನೆ.

ಪೊಟ್ಟಣದ ಮೇಲೆ ಗುತ್ತೆವ್ವನ ಹೆಸರಿಲ್ಲ ಅಂದೆಯಲ್ಲ, ಅದು ನನಗೂ ನೋವಿನ ಮಾತೇ. ಸುಳ್ಳು ಹೇಳುವುದಿಲ್ಲ. ಆದರೆ ಆ ನೋವು ಗೊತ್ತಿದ್ದವಳೇ ಅದನ್ನು ನನ್ನ ಅಮ್ಮಿಗೆ ಕೊಟ್ಟೆ. ಗೊತ್ತಿಲ್ಲದವರು ಮಾಡಿದ್ದರೆ ನಾಲ್ಕು ದಿನ ಬೈದು ಮರೆಯುತ್ತಿದ್ದೆ. ನಿನ್ನ ಅವ್ವನಿಗೆ ನಾನು ಹೇಳುವುದಿಲ್ಲ. ಅವಳು ಆ ಕುಪ್ಪಸ ಹಾಕಿಕೊಂಡಾಗಲೆಲ್ಲ ನೀನು ನೋಡುತ್ತೀಯಲ್ಲ, ಅಷ್ಟು ಸಾಕು.

ತೋಳಿನ ಮಾತು. ನಿನ್ನ ಕಾಗದ ಬಂದ ದಿನ ಅಮ್ಮಿಯ ಮುಂದೆ ಕಂಪ್ಯೂಟರ್ ತೆರೆದು ಕೂತೆ. ಮೊದಲ ಕಿಟಕಿ ಬಂತು, ಅವಳ ಹೆಸರು ಬಂತು. “ಯಾರಿಗೂ ಕೊಡಂಗಿಲ್ಲ ಅಮ್ಮಿ, ನನ್ನ ಸಲುವಾಗಿ ಹೇಳು” ಅಂದೆ. ಅವಳು ಹೆಸರನ್ನೇ ನೋಡುತ್ತ ಕೂತಳು. “ಅಕ್ಷರ ಛಲೋ ಅದಾವ” ಅಂದಳು. ನಾನು ಬಿಳಿ ಹಾಳೆ ಮುಂದಿಟ್ಟೆ.

ಅವಳು ಎದ್ದು, ಶಬನಮ ಕತ್ತರಿಸಲೆಂದು ಹರಡಿಕೊಂಡಿದ್ದ ತೋಳಿನ ಬಟ್ಟೆಯನ್ನು ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಆ ಬಾತ ಬೆರಳಿನಲ್ಲೇ ಕತ್ತರಿ ಒತ್ತಿದಳು. ನೋವಿಗೆ ಉಸಿರು ಹಿಡಿದದ್ದು ಕೇಳಿಸಿತು, ಬಟ್ಟೆ ಕತ್ತರಿಸಿದ ಸದ್ದು ಕೇಳಿಸಿತು. ಬೆನ್ನು ನನ್ನ ಕಡೆಗಿತ್ತು. ತೋಳಿಗೆ ಕತ್ತರಿಯನ್ನು ಹೇಗೆ ತಿರುಗಿಸಿದಳೋ, ನನಗೂ ಕಾಣಲಿಲ್ಲ; ಹಾಳೆ ಬಿಳಿಯಾಗಿಯೇ ಉಳಿಯಿತು.

ಅಫ್ಸಾನಾ